ಬೊಮ್ಮಚಾರಿಗೆ ಮಗನ ಹಡೆದುದೈ ಮೀನು

ಸಮಸ್ಯೆ

ಪದ್ಯಾಸಕ್ತರೇ, ಈ ಬಾರಿಯ ಸಮಸ್ಯಾಪಾದವನ್ನು ಮತ್ಸ್ಯಕನ್ಯೆಯರ ಕಥಾಲೋಕದಿಂದ ಆಯ್ದಿದ್ದೇನೆ. ಕೊಟ್ಟ ಈ ಕೊನೆಯ ಪಾದಕ್ಕೆ ಮೊದಲ ಮೂರು ಪಾದಗಳನ್ನು ಹೊಂದಿಸಿ, ಐದು ಮಾತ್ರೆಯ ಗಣಗಳ ಚೌಪದಿಯಲ್ಲಿ, ಆದಿಪ್ರಾಸವನ್ನು (ಪ್ರತಿ ಪಾದದ ಎರಡನೆಯ ಅಕ್ಷರದ ಹೊಂದಿಕೆಯನ್ನು) ಬಿಡದೆ ಪೂರೈಸಬೇಕು:

ಬೊಮ್ಮಚಾರಿಗೆ ಮಗನ ಹಡೆದುದೈ ಮೀನು

ಮಕಾರದ ದ್ವಿತ್ವಕ್ಕೆ ಕನ್ನಡದಲ್ಲಿ ಬರವಿಲ್ಲವಾದ್ದರಿಂದ ಪ್ರಾಸ ಕಾಡಲಾರದು, ತೊಡಕಿರುವುದು ಅರ್ಥದಲ್ಲಿ: ಬ್ರಹ್ಮಚಾರಿಗೆ ಮೀನು ಮಗನನ್ನು ಹೆತ್ತದ್ದು ಹೇಗೆ? ಮಹಾಭಾರತದಲ್ಲಿ ಶಾಪದಿಂದ ಮೀನಾದ ಅಪ್ಸರೆ ಅದ್ರಿಕೆಯು ಮತ್ಸ್ಯಗಂಧಿಯನ್ನೂ ಅವಳ ಸೋದರನನ್ನೂ ಹೆತ್ತದ್ದು ಎಲ್ಲರಿಗೂ ನೆನಪಾಗುತ್ತದೆ. ಆದರೆ ಆ ಮಕ್ಕಳ ತಂದೆಯಾದ ಉಪರಿಚರ ವಸುವು ಗಿರಿಕೆಯ ಪತಿ, ಬ್ರಹ್ಮಚಾರಿಯಲ್ಲ. ಪಶ್ಚಿಮ ಏಷ್ಯಾದ ಅಸ್ಕಲೋನ್ ಪಟ್ಟಣದಲ್ಲಿ ಪೂಜೆಗೊಳ್ಳುತ್ತಿದ್ದ ಅರೆಮೀನಿನ ದೇವತೆ ದೆರ್ಕೆತೊ ಹೆತ್ತದ್ದು ಮಗಳನ್ನು ಎಂದು ಗ್ರೀಕ್ ಇತಿಹಾಸಕಾರ ದಿಯೊದೋರಸ್ ಬರೆದಿರುವುದರಿಂದ ಅವಳೂ ಇಲ್ಲಿಗೆ ಸಲ್ಲಳು.

ಮೊದಲ ಪೂರಣ

ಹೊಮ್ಮಿದುರಿಯಿಂ ಲಂಕೆ ಬೇಯೆ ಕಡಲಿಂಗಿಳಿಯೆ
ಚಿಮ್ಮಿದುದು ಬಾಲವಂ ತಣಿಸುವಾಗ ಬೆವರ್ |
ಸುಮ್ಮನದನೊಂದು ಝಷ ನುಂಗೆ ಬಸಿರಾಯ್ತಂತೆ
ಬೊಮ್ಮಚಾರಿಗೆ ಮಗನ ಹಡೆದುದೈ ಮೀನು ||

ಲಂಕಾದಹನವಾದ ಮೇಲೆ ಹನುಮಂತನ ಬೆವರನ್ನು ನುಂಗಿದ ಜಲಚರದಲ್ಲಿ ಮಕರಧ್ವಜನು ಹುಟ್ಟಿದನೆಂಬ ಕಥೆಯನ್ನು ಆಶ್ರಯಿಸಿದ್ದೇನೆ. ಇದು ವಾಲ್ಮೀಕಿಯಲ್ಲಿ ಇಲ್ಲ. ಮೈರಾವಣನ ಕಥೆಯೊಡನೆ ಜನರ ಬಾಯಲ್ಲಿ ಉಳಿದು ಬಂದದ್ದು.

ಎರಡನೆಯ ಪೂರಣ

ಒಮ್ಮೆ ಕಪಿಸೇತುವಿನ ಕಲ್ಗಳಂ ಕದ್ದವಳೆ
ದುಮ್ಮಿಕ್ಕಿ ಬಂದವಂಗೊಲಿದಳೈ ನೀರೊಳ್ |
ನಮ್ಮ ಹನುಮನೆ ಥಾಯಿನಾಡಿನೊಳ್ ಪ್ರಿಯನಾಗೆ
ಬೊಮ್ಮಚಾರಿಗೆ ಮಗನ ಹಡೆದುದೈ ಮೀನು ||

ಥಾಯ್ಲೆಂಡಿನ ದೊರೆ ಒಂದನೆಯ ರಾಮನ ಆಳ್ವಿಕೆಯಲ್ಲಿ, 1797ರಲ್ಲಿ ರಚನೆಗೊಂಡ ರಾಮಕಿಯನ್ ಕಾವ್ಯದ ಸುವನ್ನಮಚ್ಛಾ ಇಲ್ಲಿಯ ನಾಯಿಕೆ. ರಾವಣನ ಮಗಳಾದ ಈ ಹೊನ್ನಿನ ಮೀನುಹೆಣ್ಣು ತಂದೆಯ ಆಜ್ಞೆಯಂತೆ ತನ್ನ ಮೀನುಗಳ ದಂಡಿನಿಂದ ಸೇತುವೆಯ ಕಲ್ಲುಗಳನ್ನು ಸಾಗಿಸುತ್ತಿರುವಾಗ ಹನುಮಂತನು ಕಡಲಿಗೆ ಧುಮುಕಿ ಅವಳನ್ನು ಬೆನ್ನಟ್ಟುತ್ತಾನೆ. ಇಬ್ಬರಲ್ಲಿಯೂ ಅನುರಾಗ ಹುಟ್ಟುತ್ತದೆ, ಒಯ್ದ ಕಲ್ಲುಗಳೆಲ್ಲ ಮರಳಿ ಬರುತ್ತವೆ. ಮುಂದೆ ಅವಳು ತಂದೆಯ ಕೋಪಕ್ಕೆ ಹೆದರಿ ಕೂಸನ್ನು ಬಾಯಿಂದ ಉಗುಳಿ ದಡದಲ್ಲಿ ಬಿಡುತ್ತಾಳೆ. ಕೋತಿಯ ಮೈಯೂ ಮೀನಿನ ಬಾಲವೂ ಉಳ್ಳ ಆ ಕೂಸೇ ಮಚ್ಛಾನು.

ಆಕ್ಷೇಪ

ಎರಡನೆಯ ಪೂರಣ ಸೊಗಸಾಗಿದೆ, ಆದರೆ ಥಾಯಿ ಕಾವ್ಯದ ಹನುಮಂತನು ಹಲವರಲ್ಲಿ ಅನುರಕ್ತನಾದವನು. ಅವನನ್ನು ಬೊಮ್ಮಚಾರಿಯೆಂದರೆ ಸಮಸ್ಯೆಯೇ ಕುಸಿಯುವುದಿಲ್ಲವೇ?

ಸಮಸ್ಯೆ ಕೊಟ್ಟವರ ಮಾತು

ಆಕ್ಷೇಪಕ್ಕೆ ಉತ್ತರ ಪದ್ಯದಲ್ಲಿಯೇ ಇದೆ. ಮೂರನೆಯ ಪಾದದ ಮೊದಲಲ್ಲಿ ಬಂದ 'ನಮ್ಮ' ಎಂಬುದನ್ನು ತಾವು ಪ್ರಾಸಕ್ಕಾಗಿ ತುಂಬಿದ್ದೆಂದು ಎಣಿಸಬಾರದು. ಇಲ್ಲಿ ಬೊಮ್ಮಚಾರಿಯಾದವನೇ ಅಲ್ಲಿ ಪ್ರಿಯನಾದನೆಂದು ಹೇಳುವುದರಿಂದ ವಿರೋಧವು ಅಳಿಯದೆಯೇ ಪರಿಹಾರವಾಗುತ್ತದೆ. ಸಮಸ್ಯಾಪೂರಣದಲ್ಲಿ ನಾನು ಬಯಸುವ ಚಮತ್ಕಾರ ಇದೇ. ಮೊದಲ ಪದ್ಯವು ನಡಿಗೆಯಲ್ಲಿ ಇನ್ನೂ ನಯವಾಗಿದೆ, 'ಬೇಯೆ', 'ಇಳಿಯೆ', 'ನುಂಗೆ' ಎಂಬ ಕ್ರಿಯೆಗಳು ಒಂದರ ಬೆನ್ನಿಗೊಂದು ಬಂದು ಕಥೆಯನ್ನು ಓಡಿಸುತ್ತವೆ. ಆದರೆ ಅಲ್ಲಿಯ ಮೀನು ತಾನೇನು ನುಂಗಿತೆಂಬುದನ್ನೂ ಅರಿಯದು. ಎರಡನೆಯದರಲ್ಲಿ ಮೀನಿಗೆ ಮನಸ್ಸಿದೆ: ಕದ್ದವಳೂ ಅವಳೇ, ಒಲಿದವಳೂ ಅವಳೇ. ಥಾಯ್ಲೆಂಡಿನ ಅಂಗಡಿ, ಮನೆಗಳಲ್ಲಿ ಅವಳ ಚಿತ್ರವನ್ನು ಅದೃಷ್ಟಕ್ಕೆಂದು ತೂಗುಹಾಕುತ್ತಾರೆ. ಕಾಂಬೋಡಿಯದ ಶಾಸ್ತ್ರೀಯ ನೃತ್ಯದಲ್ಲಿ ಅವಳೂ ಹನುಮಂತನೂ ಇಂದಿಗೂ ಕುಣಿಯುತ್ತಾರೆ. ಮತ್ಸ್ಯಕನ್ಯೆಯ ಹೆಸರಿನಲ್ಲಿ ಕೊಟ್ಟ ಸಮಸ್ಯೆಗೆ ಇಂಥವಳೇ ತಕ್ಕ ಉತ್ತರವೆಂದು ಎರಡನೆಯ ಪೂರಣವನ್ನು ಮೇಲೆಂದು ಎಣಿಸುತ್ತೇನೆ.

ಮೈರಾವಣನ ಪಾತಾಳದ ಕಾವಲಿಗೆ ಮಗನೇ ನಿಂತಿರುವುದು ಎರಡು ಕಥೆಗಳಲ್ಲಿಯೂ ಒಂದೇ. ಥಾಯಿ ಕಾವ್ಯದಲ್ಲಿ ಹನುಮಂತನು ಆಕಳಿಸಿ ಚಂದ್ರತಾರೆಗಳನ್ನು ತೋರಿದ ಮೇಲೆಯೇ ಮಚ್ಛಾನು ತಂದೆಯನ್ನು ಗುರುತಿಸುತ್ತಾನೆ. ಮುಂದಿನ ಸಮಸ್ಯೆಯನ್ನು ಅದರಿಂದಲೇ ಕೊಡುತ್ತಿದ್ದೇನೆ. ಯಶೋದೆಯ ಕಂದನನ್ನು ತರಬಯಸುವವರಿಗೂ ಅಡ್ಡಿಯಿಲ್ಲ. ಛಂದಸ್ಸು ಇದೇ, ಪ್ರಾಸಾಕ್ಷರ ಕಕಾರ:

ಆಕಳಿಸೆ ಬಾಯೊಳೇ ಚಂದ್ರ ಮೂಡಿದನೈ