ಚೆಸ್ಟರ್ ಜಾಗ, ತಾತನ ಜಾಗ

ತಮ್ಮಾ, ಬೆಳಿಗ್ಗೆ ನೀನು ಮನೆಯವರ ಗ್ರೂಪಿಗೆ ಹಾಕಿದ್ದನ್ನು ಈಗ ನೋಡಿದೆ. ಹಾಡುಗಾರ ಚೆಸ್ಟರ್ ಹೋದ ಮೇಲೆ ಆ ರಾಕ್ ಬ್ಯಾಂಡಿನವರು ಲಿಂಕಿನ್ ಪಾರ್ಕ್ ಅನ್ನೋ ಹೆಸರನ್ನೇ ಬಿಡಬೇಕಿತ್ತು, ಈಗ ಬರುತ್ತಿರುವ ರಾಕ್ ಆಲ್ಬಂಗಳೆಲ್ಲ ಬರೀ ಹಳೇ ಹೆಸರಿನ ವ್ಯಾಪಾರ ಅಂತ ಬರೆದಿದ್ದೀಯ. ಮಾಮ ಬೇರೆ ಅದಕ್ಕೆ ಹೆಬ್ಬೆಟ್ಟು ಒತ್ತಿದ್ದಾರೆ. ಎರಡು ಸಾಲಿನಲ್ಲಿ ಉತ್ತರ ಕೊಡೋಕೆ ನನ್ನಿಂದ ಆಗಲಿಲ್ಲ. ಅದಕ್ಕೇ ಮಾತಾಡಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದೇನೆ, ಊಟ ಆದ ಮೇಲೆ ಸಮಾಧಾನವಾಗಿ ಕೇಳು. ಹಿಂದೆ ಗರಗರ ಅನ್ನುತ್ತಿರುವುದು ಪಕ್ಕದ ಮನೆಯ ಹೊಲಿಗೆ ಮಷೀನು. ನಮ್ಮ ಬಳ್ಳಾರಿ ಕೌಲ್ ಬಜಾರ್ ಗೊತ್ತಲ್ಲ, ರಾತ್ರಿ ಹತ್ತಾದರೂ ಜೀನ್ಸ್ ಹೊಲಿಯುವುದು ನಿಲ್ಲುವುದಿಲ್ಲ.

ಮೊದಲು ಒಂದು ಮಾತು. ಚೆಸ್ಟರ್ ಬೆನ್ನಿಂಗ್ಟನ್ ತೀರಿಕೊಂಡಿದ್ದು 2017ರ ಜುಲೈ 20. ಅವತ್ತು ನೀನು ಹಾಸ್ಟೆಲಿನಿಂದ ಫೋನ್ ಮಾಡಿದ್ದೆ, ಮಾತೇ ಆಡಲಿಲ್ಲ, ಸುಮ್ನೆ ಲೈನಿನಲ್ಲಿ ಇದ್ದೆ. ಅದು ನನಗೆ ಮರೆತಿಲ್ಲ. ನಿನ್ನ ಸಿಟ್ಟು ಎಲ್ಲಿಂದ ಬಂತು ಅನ್ನೋದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಅವರು ಏಳು ವರ್ಷ ಹೊಸ ಆಲ್ಬಂ ಮಾಡಲಿಲ್ಲ. 2024ರ ನವೆಂಬರ್ 15ಕ್ಕೆ "ಫ್ರಮ್ ಝೀರೋ" ಬಂತು. ಹೆಸರು ಇಟ್ಟ ರೀತಿ ನೋಡು. ಲಿಂಕಿನ್ ಪಾರ್ಕ್ ಆಗುವ ಮೊದಲು ಅವರ ಬ್ಯಾಂಡಿನ ಹೆಸರು ಝೀರೋ ಅಂತಲೇ ಇತ್ತು. ಚೆಸ್ಟರ್ ಇನ್ನೂ ಸೇರಿರದ ಕಾಲದ ಹೆಸರು ಅದು. ಅಂದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದೇವೆ ಅಂತ ರಟ್ಟಿನ ಮೇಲೇ ಹೇಳಿಬಿಟ್ಟಿದ್ದಾರೆ. ಹಾಡಲು ಬಂದವಳು ಎಮಿಲಿ ಆರ್ಮ್‌ಸ್ಟ್ರಾಂಗ್. ಮೊದಲು ಬಿಟ್ಟ ಹಾಡು "ದಿ ಎಂಪ್ಟಿನೆಸ್ ಮಷೀನ್". ಅದನ್ನು ಇನ್ನೊಮ್ಮೆ ಕಿವಿಗೆ ಹಾಕಿಕೊಂಡು ಕೇಳು. ಶುರುವಿನಲ್ಲಿ ಅವಳ ದನಿಯೇ ಇಲ್ಲ. ಮೊದಲ ಚರಣ, ಪಲ್ಲವಿ ಎರಡನ್ನೂ ಬ್ಯಾಂಡಿನ ಹಳಬ ಮೈಕ್ ಶಿನೋಡಾ ಒಬ್ಬನೇ ಹಾಡುತ್ತಾನೆ. ಆಮೇಲೆ ಅವಳು ಬರುತ್ತಾಳೆ. ಮನೆಗೆ ಹೊಸಬರನ್ನು ಕರೆದುಕೊಂಡು ಬಂದವರು ತಾವೇ ಮೊದಲು ಹೊಸ್ತಿಲು ದಾಟಿ, ಒಳಗಿದ್ದವರಿಗೆ ಹೇಳಿ, ಆಮೇಲೆ ಬಾ ಅನ್ನುತ್ತಾರಲ್ಲ, ಹಾಗೆ. ಹಳೇ ಹೆಸರು ಮಾರುವವರಿಗೆ ಇಷ್ಟು ಸಂಕೋಚ ಯಾಕೆ ಬೇಕು, ಹೇಳು.

ಆಲ್ಬಂ ಪೂರ್ತಿ ಚೆನ್ನಾಗಿದೆ ಅಂತ ಹೇಳಲ್ಲ. "ಓವರ್ ಈಚ್ ಅದರ್" ನನಗೆ ಸಪ್ಪೆ ಅನಿಸಿತು. ಮೂವತ್ತೆರಡು ನಿಮಿಷಕ್ಕೆ ಎಲ್ಲ ಮುಗಿದೇ ಹೋಗುತ್ತದೆ, ಇನ್ನೂ ಸ್ವಲ್ಪ ಬೇಕಿತ್ತು. ಆದರೆ "ಹೆವಿ ಈಸ್ ದಿ ಕ್ರೌನ್" ಹಾಡಿನಲ್ಲಿ ಅವಳು ಉಸಿರು ಬಿಡದೆ ಕೂಗುತ್ತಾಳಲ್ಲ, ಅಲ್ಲಿ ಅವಳು ಚೆಸ್ಟರನ ಅನುಕರಣೆ ಮಾಡುತ್ತಿಲ್ಲ. ದನಿಯ ಒರಟೇ ಬೇರೆ. ಸ್ಟೇಜಿನ ಮೇಲೆ ಕೆಲವು ಹಳೇ ಹಾಡುಗಳ ಶ್ರುತಿಯನ್ನೂ ಅವಳಿಗೆ ಹೊಂದುವ ಹಾಗೆ ಬದಲಿಸಿಕೊಂಡಿದ್ದಾರೆ. ಅದೇ ತಪ್ಪು ಅಂತ ನೀನು ಹಿಂದೊಮ್ಮೆ ನನ್ನ ಜೊತೆ ಜಗಳ ಆಡಿದ್ದೆ.

ಈಗ ನಮ್ಮ ಮನೆ ಕಥೆಗೆ ಬಾ. ಸಿರುಗುಪ್ಪದ ಹತ್ತಿರ ನಮ್ಮೂರ ಮಠದಲ್ಲಿ ಅಮಾವಾಸ್ಯೆ ಭಜನೆಗೆ ಪದ ಎತ್ತುತ್ತಿದ್ದವರು ತಾತ. ಅವರು ಹೋದ ಮೇಲೆ ಮೂರು ಅಮಾವಾಸ್ಯೆ ಪದ ಎತ್ತುವವರೇ ಇರಲಿಲ್ಲ. ಬರೀ ತಾಳ ಹಾಕಿ ನಾಮಸ್ಮರಣೆ ಮಾಡಿ ಎದ್ದು ಬರುತ್ತಿದ್ದರು. ನಾಲ್ಕನೇ ಅಮಾವಾಸ್ಯೆಗೆ ಅತ್ತೆ ಹೋಗಿ ತಾತನ ಜಾಗದಲ್ಲಿ ಕೂತರು. ಹೆಣ್ಮಗಳು ಮುಂದೆ ಕೂತು ಪದ ಎತ್ತೋದಾ ಅಂತ ಒಂದಿಬ್ಬರು ಎದ್ದೂ ಹೋದರು. ನೀನಾಗ ಚಿಕ್ಕವನು, ನನಗೆ ಚೆನ್ನಾಗಿ ನೆನಪಿದೆ.

ತಾತ ಹಾಡುತ್ತಿದ್ದದ್ದು ಕರಿ ಒಂದರಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ. ಅತ್ತೆಗೆ ಅದು ತೀರಾ ತಗ್ಗು, ದನಿ ಎದೆಯೊಳಗೇ ಉಳಿಯುತ್ತಿತ್ತು. ಅವರಿಗೆ ಅದಕ್ಕಿಂತ ಮೇಲಿನ ಕರಿ ನಾಲ್ಕು ಬೇಕು. ಹಾರ್ಮೋನಿಯಂ ಆದರೆ ಬೆರಳು ಸರಿಸಿದರೆ ಆಯಿತು. ತಬಲ ಹಾಗಲ್ಲ. ತಬಲದ ಕಾಕ ಸುತ್ತಿಗೆ ತಗೊಂಡು, ಚರ್ಮ ಬಿಗಿಯಾಗಿ ಶ್ರುತಿ ಏರಲಿ ಅಂತ, ಬಾರಿನ ಕೆಳಗಿನ ಕಟ್ಟಿಗೆ ಗಟ್ಟಿಗಳನ್ನು ಒಂದೊಂದಾಗಿ ಕೆಳಗೆ ಹೊಡೆಯುತ್ತಾ ಹೋದರು. ಟಿಣ್ ಅಂತ ಬಡಿದು ನೋಡುವುದು, ಮತ್ತೆ ಹೊಡೆಯುವುದು. ಅರ್ಧ ಗಂಟೆ ಆಯಿತು. ಕೊನೆಗೆ, "ಇನ್ನೊಂದು ಏಟು ಹಾಕಿದ್ರೆ ಚರ್ಮ ಹರಿಯುತ್ತವ್ವಾ, ದೊಡ್ಡ ಬಾಯಿ ತಬಲ ಅಷ್ಟು ಮೇಲಕ್ಕೆ ಏರಲ್ಲ" ಅಂದರು. ಮುಂದಿನ ಅಮಾವಾಸ್ಯೆಯೊಳಗೆ ಬಳ್ಳಾರಿಗೆ ಬಂದು ಸಣ್ಣ ಬಾಯಿಯ ತಬಲ ತಗೊಂಡು ಹೋದರು. ಅತ್ತೆಗೋಸ್ಕರ. ತಾತನ ತಬಲ ಈಗಲೂ ಗವಸು ಹಾಕಿಕೊಂಡು ಅಲ್ಲೇ ಮೂಲೆಯಲ್ಲಿದೆ, ಪ್ರತಿ ಅಮಾವಾಸ್ಯೆ ಅದಕ್ಕೂ ಕುಂಕುಮ ಹಚ್ಚುತ್ತಾರೆ. ಭಜನೆ ಸಂಘದ ಹೆಸರನ್ನು ಯಾರೂ ಬದಲಿಸಲಿಲ್ಲ. ಬದಲಿಸಬೇಕಿತ್ತು ಅಂತ ನೀನು ಯಾವತ್ತಾದರೂ ಅಂದಿದ್ದೀಯಾ?

2023, 2024ರಲ್ಲಿ ಬಂದ ರಾಕ್ ಆಲ್ಬಂಗಳಲ್ಲಿ ನನ್ನ ಎದೆಗೆ ತಾಗಿದವೆಲ್ಲ ಹೀಗೇ ಒಬ್ಬರ ಜಾಗ ಖಾಲಿ ಆದ ಮೇಲೆ ಮಾಡಿದವು. ಫೂ ಫೈಟರ್ಸ್ ತಗೊ. ಅವರ ಡ್ರಮ್ಮರ್ ಟೇಲರ್ ಹಾಕಿನ್ಸ್ 2022ರ ಮಾರ್ಚಿನಲ್ಲಿ ಟೂರಿನ ಮಧ್ಯದಲ್ಲೇ ಕೊಲಂಬಿಯಾದಲ್ಲಿ ತೀರಿಕೊಂಡ. ಅದೇ ವರ್ಷ ಬ್ಯಾಂಡಿನ ಹಾಡುಗಾರ ಡೇವ್ ಗ್ರೋಲ್‌ನ ತಾಯಿಯೂ ಹೋದರು. 2023ರ ಜೂನಿನಲ್ಲಿ "ಬಟ್ ಹಿಯರ್ ವಿ ಆರ್" ಬಂತು. ಅದರಲ್ಲಿ ಡ್ರಮ್ ಬಾರಿಸಿದ್ದು ಯಾರು? ಗ್ರೋಲ್ ತಾನೇ. ಅವನು ಮೊದಲು ನಿರ್ವಾಣ ಅನ್ನೋ ಬ್ಯಾಂಡಿನ ಡ್ರಮ್ಮರ್. 1994ರಲ್ಲಿ ಆ ಬ್ಯಾಂಡಿನ ಹಾಡುಗಾರ ಕರ್ಟ್ ಕೋಬೇನ್ ಸತ್ತ ಮೇಲೂ ಹೀಗೇ ಮಾಡಿದ್ದ, ಫೂ ಫೈಟರ್ಸ್‌ನ ಮೊದಲ ಆಲ್ಬಮ್ಮಿನಲ್ಲಿ ಹೆಚ್ಚುಕಡಿಮೆ ಎಲ್ಲ ವಾದ್ಯಗಳನ್ನೂ ತಾನೊಬ್ಬನೇ ನುಡಿಸಿದ್ದ. ಒಬ್ಬ ಮನುಷ್ಯ ಜೀವನದಲ್ಲಿ ಎರಡು ಸಲ ಸಂಕಟಕ್ಕೆ ಅದೇ ಕೆಲಸ ಹಿಡಿದು ಕೂತಿದ್ದಾನೆ. "ದಿ ಟೀಚರ್" ಹತ್ತು ನಿಮಿಷದ ಹಾಡು, ತಾಯಿಗೆ ಬರೆದದ್ದು, ಆಕೆ ಶಾಲೆ ಟೀಚರ್ ಆಗಿದ್ದವರು. ಅದನ್ನು ನಾನು ಬಸ್ಸಿನಲ್ಲಿ ಕೇಳುವುದನ್ನು ಬಿಟ್ಟಿದ್ದೇನೆ, ಕಣ್ಣಲ್ಲಿ ನೀರು ಬರುತ್ತದೆ.

ರೋಲಿಂಗ್ ಸ್ಟೋನ್ಸ್ ಬೇರೆ ದಾರಿ ಹಿಡಿದರು. ಅವರ ಡ್ರಮ್ಮರ್ ಚಾರ್ಲಿ ವಾಟ್ಸ್ 2021ರಲ್ಲಿ ಹೋದ. 2023ರ "ಹ್ಯಾಕ್ನಿ ಡೈಮಂಡ್ಸ್" ಆಲ್ಬಮ್ಮಿನಲ್ಲಿ ಅವನು ಹೋಗುವ ಮೊದಲೇ ಬಾರಿಸಿಟ್ಟಿದ್ದ ಎರಡು ಹಾಡುಗಳನ್ನು ಹಾಗೇ ಉಳಿಸಿಕೊಂಡರು. ಡ್ರಮ್ ಇರುವ ಉಳಿದ ಹಾಡುಗಳಿಗೆ ಸ್ಟೀವ್ ಜೋರ್ಡನ್. ಹಾಡುಗಾರ ಮಿಕ್ ಜಾಗರ್‌ಗೆ ಆಗ ಎಂಬತ್ತು. ಮಾಮ, ಆ ವಯಸ್ಸಿಗೆ "ಸ್ವೀಟ್ ಸೌಂಡ್ಸ್ ಆಫ್ ಹೆವನ್" ಹಾಡಿದ್ದನ್ನು ಒಂದು ಸಲ ಕೇಳಿ, ಆಮೇಲೆ ಹೆಬ್ಬೆಟ್ಟು ತೆಗೆಯುತ್ತೀರೋ ಇಲ್ಲವೋ ನಿಮಗೆ ಬಿಟ್ಟಿದ್ದು. ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಡೇವಿಡ್ ಗಿಲ್ಮೋರ್ ಕೂಡ 2024ರ "ಲಕ್ ಅಂಡ್ ಸ್ಟ್ರೇಂಜ್" ಹಾಡಿಗೆ 2008ರಲ್ಲಿ ತೀರಿಕೊಂಡ ಅದೇ ಬ್ಯಾಂಡಿನ ರಿಚರ್ಡ್ ರೈಟ್ ನುಡಿಸಿದ್ದ ಹಳೇ ಕೀಬೋರ್ಡನ್ನೇ ಹಾಕಿಕೊಂಡಿದ್ದಾನೆ.

ನಿನ್ನ ಮಾತು ಒಪ್ಪುವ ಜಾಗವೂ ಒಂದಿದೆ. ಮೆಟಾಲಿಕಾ. 2011ರ ಅಕ್ಟೋಬರಿನಲ್ಲಿ ಅವರು ಬೆಂಗಳೂರು ಪ್ಯಾಲೇಸ್ ಗ್ರೌಂಡ್ಸಿಗೆ ಬಂದಾಗ ನಾನು, ಅಣ್ಣ ಹಂಪಿ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ನಿಂತುಕೊಂಡೇ ಹೋಗಿದ್ದೆವು. ಅವರ ಮೇಲೆ ನನಗೆ ಅಷ್ಟು ಪ್ರೀತಿ. ಆದರೂ 2023ರ "72 ಸೀಸನ್ಸ್" ತೀರಾ ಉದ್ದ ಆಯಿತು. ಎಪ್ಪತ್ತೇಳು ನಿಮಿಷ. ಗಿಟಾರಿನ ಒಂದೇ ತರದ ಹೊಡೆತ ಮತ್ತೆ ಮತ್ತೆ ಬರುತ್ತದೆ. ಇಪ್ಪತ್ತು ನಿಮಿಷ ಕತ್ತರಿಸಬೇಕಿತ್ತು. ಕೊನೆಯ "ಇನಾಮೊರಾಟಾ" ಮಾತ್ರ ಹನ್ನೊಂದು ನಿಮಿಷ ಇದ್ದರೂ ಸಾಕು ಅನಿಸಲ್ಲ.

ಎಲ್ಲಕ್ಕಿಂತ ಜಾಸ್ತಿ ನನ್ನ ಜೊತೆ ಉಳಿದದ್ದು ದಿ ಕ್ಯೂರ್ ಬ್ಯಾಂಡಿನವರ "ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್", 2024ರ ನವೆಂಬರ್ 1. ಹದಿನಾರು ವರ್ಷ ಆದ ಮೇಲೆ ಬಂದದ್ದು, ಇರುವುದು ಎಂಟೇ ಹಾಡು. ಅದರಲ್ಲಿ ಒಂದು ಹಾಡುಗಾರ ರಾಬರ್ಟ್ ಸ್ಮಿತ್ ತನ್ನ ತೀರಿಹೋದ ಅಣ್ಣನಿಗೆ ಬರೆದದ್ದು. ಮೊದಲ ಹಾಡು "ಅಲೋನ್". ಮೂರು ನಿಮಿಷ ದಾಟಿದರೂ ದನಿ ಬರಲ್ಲ. ಡ್ರಮ್ ನಿಧಾನಕ್ಕೆ ಬೀಳುತ್ತಾ ಇರುತ್ತದೆ, ಕೀಬೋರ್ಡ್ ಮೇಲೆ ಮೇಲೆ ಹಾಸುತ್ತಾ ಹೋಗುತ್ತದೆ. ಇನ್ನೇನು ಹಾಡಲ್ವೇನೋ ಅನ್ನುವಷ್ಟರಲ್ಲಿ ದನಿ ಎತ್ತುತ್ತಾನೆ. ನಾನು ಮೊದಲ ಸಲ ಕೇಳಿದ್ದು ರಾತ್ರಿ ಮಾಳಿಗೆ ಮೇಲೆ, ಕರೆಂಟ್ ಹೋಗಿತ್ತು, ಎದುರಿಗೆ ಕೋಟೆ ಗುಡ್ಡ ಕಪ್ಪಗೆ ಕಾಣುತ್ತಿತ್ತು. ಆ ಮೂರು ನಿಮಿಷ ನನಗೆ ಅತ್ತೆಯೇ ನೆನಪಿಗೆ ಬಂದರು. ಪದ ಎತ್ತುವ ಮೊದಲು ಅವರೂ ಹಾಗೇ ಕಣ್ಣು ಮುಚ್ಚಿ ಕೂತಿರುತ್ತಾರೆ, ಹಾರ್ಮೋನಿಯಂ ಎಷ್ಟು ಸುತ್ತು ಬಂದರೂ ಅವಸರ ಮಾಡಲ್ಲ.

ಅತ್ತೆ, ಇದನ್ನು ಇಷ್ಟು ಹೊತ್ತು ಕೇಳುತ್ತಿದ್ದರೆ, ಈ ಸಲ ಅಮಾವಾಸ್ಯೆಗೆ ಒಂದು ದಿನ ಮುಂಚೆಯೇ ಬರುತ್ತೇನೆ. ಸಣ್ಣ ಸ್ಪೀಕರ್ ತರುತ್ತೇನೆ. ಆ ಹಾಡು ನಿಮಗೆ ಕೇಳಿಸಬೇಕು. ಭಾಷೆ ಬೇಡ, ದನಿ ಬರುವ ತನಕ ಮಾತ್ರ ಕೇಳಿದರೂ ಸಾಕು. ತಮ್ಮಾ, ನೀನೂ ರಜೆ ಹಾಕಿ ಬಾ.