ಉದ್ದದ ಫೈಲ್‌ನಲ್ಲಿ ಓದಿದ ಜಾಗ ತಪ್ಪಿ ಹೋಗ್ತಿದೆ, ಸ್ಕ್ರೀನ್ ರೀಡರ್ ಬಳಸೋರು ಏನ್ ಮಾಡ್ತೀರಾ?

ಪ್ರಶ್ನೆ:
ನಾನು ಎನ್‌ವಿಡಿಎ (ಪರದೆ ಮೇಲಿರೋದನ್ನ ಓದಿ ಹೇಳೋ ಸ್ಕ್ರೀನ್ ರೀಡರ್ ಸಾಫ್ಟ್‌ವೇರ್) ಬಳಸೋದು. ಪರೀಕ್ಷೆಗೆ 300 ಪುಟದ ವರ್ಡ್ ಫೈಲ್ ಓದ್ತಿದೀನಿ, ಸೇ ಆಲ್ (ನಿಲ್ಲದೆ ಓದಿಸೋ ಆಜ್ಞೆ) ಹಾಕಿ ಕೇಳ್ತಾ ಕೇಳ್ತಾ ಅರ್ಧಕ್ಕೆ ನಿಲ್ಸಿ ಫೈಲ್ ಮುಚ್ಚಿದ್ರೆ ಮಾರನೇ ದಿನ ಮತ್ತೆ ಮೊದಲನೇ ಪುಟದಿಂದಾನೇ ಶುರು. ಕಣ್ಣಲ್ಲಿ ಓದೋರು ಪುಟ ತಿರುವಿ ಹಾಕಿ ಜಾಗ ಹಿಡೀತಾರೆ, ನಾನು ಒಂದೊಂದೇ ಪ್ಯಾರಾ ಕೇಳಿ ಹುಡುಕ್ಬೇಕು, ನಿನ್ನೆ ಅದಕ್ಕೇ ಇಪ್ಪತ್ತು ನಿಮಿಷ ಹೋಯ್ತು. ಕೆಲವು ಪಿಡಿಎಫ್ ಕೂಡ ಇವೆ.

ಉತ್ತರ 1:
ವರ್ಡ್‌ನಲ್ಲೇ ಬುಕ್‌ಮಾರ್ಕ್ ಇದೆಯಲ್ಲ. ಓದೋದು ನಿಲ್ಸೋಕೆ ಕಂಟ್ರೋಲ್ ಒತ್ತಿ, ಕರ್ಸರ್ ಅಲ್ಲೇ ಇರತ್ತೆ, ಆ್ಯರೋ ಏನೂ ಮುಟ್ಟದೆ ಕಂಟ್ರೋಲ್ ಶಿಫ್ಟ್ ಎಫ್5 ಒತ್ತಿ ಒಂದು ಹೆಸರು ಕೊಟ್ಟು ಎಂಟರ್. ಹೆಸರಲ್ಲಿ ಸ್ಪೇಸ್ ಇರ್ಬಾರ್ದು, ನಾನು ಮೊದಮೊದಲು ಇದರಲ್ಲೇ ಒದ್ದಾಡಿದ್ದೆ. ಆಮೇಲೆ ಫೈಲ್ ಸೇವ್ ಮಾಡ್ಲೇಬೇಕು, ಇಲ್ದಿದ್ರೆ ಗುರುತು ಉಳಿಯಲ್ಲ. ಮಾರನೇ ದಿನ ಅದೇ ಕೀ ಒತ್ತಿ ಹೆಸರು ಆರಿಸಿ ಗೋ ಟು ಕೊಡಿ. ಬರೀ ಎರಡು ನಿಮಿಷ ಎದ್ದು ಹೋಗೋದಾದ್ರೆ ಇದೆಲ್ಲ ಬೇಡ, ಶಿಫ್ಟ್ ಒತ್ತಿದ್ರೆ ಮಾತು ನಿಲ್ಲತ್ತೆ, ಮತ್ತೆ ಒತ್ತಿದ್ರೆ ಅಲ್ಲಿಂದಲೇ ಮುಂದುವರಿಯತ್ತೆ.

ಉತ್ತರ 2:
ನಾನು ಹಳೇ ದಾರಿಯವನು. ನಿಲ್ಲಿಸಿದ ಕಡೆ ಮೂರು ಸ್ಟಾರ್ ಟೈಪ್ ಮಾಡಿ ಸೇವ್ ಮಾಡ್ತೀನಿ, ನಾಳೆ ಕಂಟ್ರೋಲ್ ಎಫ್ ಒತ್ತಿ ಅದನ್ನೇ ಹುಡುಕಿ ಅಳಿಸಿ ಮುಂದೆ ಓದ್ತೀನಿ. ಬೇರೆಯವರಿಗೆ ವಾಪಸ್ ಕಳಿಸೋ ಫೈಲ್ ಆದ್ರೆ ಮಾತ್ರ ಮರೀದೆ ಅಳಿಸಿ.

ಉತ್ತರ 3:
ಪಿಡಿಎಫ್ ಬಗ್ಗೆ ಯಾರೂ ಹೇಳ್ಲಿಲ್ಲ. ಅಡೋಬಿ ರೀಡರ್‌ನಲ್ಲಿ ಕಂಟ್ರೋಲ್ ಕೆ ಒತ್ತಿ ಪ್ರಿಫರೆನ್ಸಸ್ ತೆಗೀರಿ, ಡಾಕ್ಯುಮೆಂಟ್ಸ್ ಅನ್ನೋದ್ರಲ್ಲಿ ‘ರಿಸ್ಟೋರ್ ಲಾಸ್ಟ್ ವ್ಯೂ ಸೆಟ್ಟಿಂಗ್ಸ್’ ಅಂತ ಶುರುವಾಗೋ ಚೆಕ್‌ಬಾಕ್ಸ್ ಇದೆ, ಅದನ್ನ ಆನ್ ಮಾಡಿ. ಪುಟಕ್ಕೆ ಬಂದು ನಿಲ್ಲತ್ತೆ, ಸಾಲು ನಾವೇ ಹುಡುಕ್ಬೇಕು. ಅದಕ್ಕೆ ನಾನು ಕೊನೇಗೆ ಕೇಳಿದ ಸಾಲಿಂದ ಅಪರೂಪದ ಎರಡು ಮೂರು ಪದ ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಫೈಲ್ ಹೆಸರಿನ ಜೊತೆ ಇಟ್ಕೊಳ್ತೀನಿ, ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್) ಜೊತೆ ಕಂಟ್ರೋಲ್ ಎಫ್ ಒತ್ತಿ ಅದನ್ನ ಹುಡುಕಿದ್ರೆ ನೇರ ಅಲ್ಲಿಗೇ. ವೆಬ್ ಪೇಜಿಗೂ ನಡೆಯತ್ತೆ. ಸ್ಕ್ಯಾನ್ ಮಾಡಿದ ಚಿತ್ರದ ಪಿಡಿಎಫ್ ಆದ್ರೆ ಮೊದಲು ಓಸಿಆರ್ (ಚಿತ್ರದಲ್ಲಿರೋ ಅಕ್ಷರ ಗುರುತಿಸಿ ಪಠ್ಯ ಮಾಡೋದು) ಮಾಡಿಸ್ಬೇಕು, ಅಕ್ಷರವೇ ಇಲ್ದಿದ್ರೆ ಹುಡುಕೋದು ಏನನ್ನ?

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಬುಕ್‌ಮಾರ್ಕ್ ಮೊದಲು ಉಳೀಲಿಲ್ಲ, ನೋಡಿದ್ರೆ ಫೈಲ್ ರೀಡ್ ಓನ್ಲಿ (ಓದೋಕೆ ಮಾತ್ರ, ಬದಲಾವಣೆ ಸೇವ್ ಆಗಲ್ಲ) ಇತ್ತು. ಸೇವ್ ಆ್ಯಸ್ ಮಾಡಿ ನನ್ನದೇ ಕಾಪಿ ಇಟ್ಕೊಂಡೆ, ಈಗ ಬೆಳಿಗ್ಗೆ ತೆಗೆದ್ರೆ 142ನೇ ಪುಟದಲ್ಲಿ ನಿಲ್ಲಿಸಿದ್ದ ಸಾಲಿಗೇ ಬಂತು.