ಮಮ್ಮಿಗಳು ಕೊಳೆಯದೆ ಉಳಿದದ್ದು ಹೇಗೆ?

ಪ್ರಶ್ನೆ (ಮಡಿಕೇರಿಯಿಂದ):
ಕಕ್ಕಡದ ಮಳೆಯಲ್ಲಿ ನಮ್ಮ ಮನೆಯ ಕಪಾಟಿನೊಳಗಿನ ಚರ್ಮದ ಬೆಲ್ಟಿಗೂ ಒಂದೇ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಹೀಗಿರುವಾಗ ಈಜಿಪ್ಟಿನ ದೇಹಗಳು 3000 ವರ್ಷ ಉಳಿದದ್ದು ಹೇಗೆಂದು ಮಗಳು ಕೇಳುತ್ತಿದ್ದಾಳೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ಸೋಮವಾರಪೇಟೆಯಿಂದ):
ನೀರಿನಂಶವನ್ನು ತೆಗೆಯುವುದೇ ಇದರ ಜೀವಾಳ. ಹೊಟ್ಟೆಯ ಎಡಬದಿಯನ್ನು ಸೀಳಿ ಬೇಗ ಕೊಳೆಯುವ ಶ್ವಾಸಕೋಶ, ಯಕೃತ್ತು, ಜಠರ, ಕರುಳುಗಳನ್ನು ಹೊರತೆಗೆದು, ಮೂಗಿನ ಮೂಲಕ ಕೊಕ್ಕೆಯಿಂದ ಮಿದುಳನ್ನೂ ತೆಗೆದು, ಬುದ್ಧಿಯ ನೆಲೆಯೆಂದು ನಂಬಿದ್ದ ಹೃದಯವನ್ನು ಮಾತ್ರ ಸಾಮಾನ್ಯವಾಗಿ ಒಳಗೇ ಬಿಟ್ಟು, ದೇಹವನ್ನು ನೇಟ್ರಾನ್ ಎಂಬ ಉಪ್ಪಿನಲ್ಲಿ ಸುಮಾರು 40 ದಿನ ಮುಚ್ಚಿಡುತ್ತಿದ್ದರು. ವಾದಿ ನಟ್ರೂನ್ ಕಣಿವೆಯ ಕೆರೆಗಳಲ್ಲಿ ಸಿಗುವ ಈ ಉಪ್ಪಿನಲ್ಲಿ ಸೋಡಿಯಂ ಕಾರ್ಬೊನೇಟ್ ಮತ್ತು ಬೈಕಾರ್ಬೊನೇಟ್ ಇರುವುದರಿಂದ ಅದು ತೇವವನ್ನು ಹೀರುವುದಲ್ಲದೆ, ತನ್ನ ಕ್ಷಾರಗುಣದಿಂದ ಬ್ಯಾಕ್ಟೀರಿಯಾಗಳನ್ನೂ ತಡೆಯುತ್ತದೆ. ಎಣ್ಣೆ, ಮರದ ರಾಳ ಸವರಿ ಲಿನನ್ ಬಟ್ಟೆ ಸುತ್ತುವ ಹೊತ್ತಿಗೆ ಒಟ್ಟು 70 ದಿನಗಳಾಗುತ್ತಿದ್ದವು.

ಉತ್ತರ (ವಿರಾಜಪೇಟೆಯಿಂದ):
ಕಣದಲ್ಲಿ ಹರಡಿದ ಚೆರಿ ಕಾಫಿಯನ್ನು, ಕುಲುಕಿದರೆ ಒಳಗಿನ ಬೀಜ ಗಲಗಲ ಎನ್ನುವವರೆಗೆ ನಾವು ಒಣಗಿಸುವುದೂ ಇದೇ ಕಾರಣಕ್ಕೆ. ಈಜಿಪ್ಟಿನ ಗೆಬೆಲೈನ್ ಎಂಬಲ್ಲಿ ಸಿಕ್ಕ, 5000 ವರ್ಷಗಳಿಗೂ ಹಳೆಯ ದೇಹಗಳು ಬಿಸಿ ಮರಳಿನಲ್ಲಿಯೇ ಒಣಗಿ ಉಳಿದವು. ನನಗೆ ಇದೇ ಹೆಚ್ಚು ಅಚ್ಚರಿಯ ಸಂಗತಿ.

ಉತ್ತರ (ಕುಶಾಲನಗರದಿಂದ):
ಒಣಗಿದ ಮೇಲೂ ಅಪಾಯ ತಪ್ಪುವುದಿಲ್ಲ. ಪ್ರಾಚೀನ ಈಜಿಪ್ಟಿನ ಅರಸ ಎರಡನೆಯ ರಾಮ್ಸೆಸ್‌ನ ಮಮ್ಮಿಗೆ ಶಿಲೀಂಧ್ರ ತಗುಲಿದ್ದರಿಂದ ಅದನ್ನು 1976ರಲ್ಲಿ ಪ್ಯಾರಿಸ್‌ಗೆ ಒಯ್ದು, ಗಾಮಾ ಕಿರಣಗಳಿಂದ ಶುದ್ಧಗೊಳಿಸಬೇಕಾಯಿತು.